ಗೇಟ್ ಹಾಕಿದ ಮೇಲೆ ಕೇಳೋ ಹಾಡುಗಳು

1/6
ಇಂಟರ್ನಲ್ಸ್ ಮುಗೀತು, ಸೀರೀಸ್ ಮತ್ತೆ ಶುರು. ಈ ಸಲ ಸ್ಲೋ ಸಾಂಗ್ಸ್ ಬಗ್ಗೆ.

ಟ್ರಾವೆಲ್ ಪ್ಲೇಲಿಸ್ಟ್ ಅಂತ ಹುಡುಕಿದ್ರೆ ನೂರಾರು ಸಿಗುತ್ತೆ. ಕವರ್ ಫೋಟೋದಲ್ಲಿ ಕಿಟಕಿ ಸೀಟು, ಮಳೆ, ಕಾಫಿ ಕಪ್ಪು. ಅವೆಲ್ಲ ಕೂತ್ಕೊಂಡು ಹೋಗೋರಿಗೆ. ಗಾಡಿ ಓಡಿಸಿ ಸುಸ್ತಾದವರಿಗೆ ಹಾಡು ಆರಿಸಿ ಕೊಡೋರು ಯಾರು? ನಮ್ಮನೇಲಿ ಆ ಕೆಲಸ ನಂದು. ಅಪ್ಪ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲೋಡ್ ಓಡಿಸ್ತಾರೆ. ಅವರ ಪೆನ್‌ಡ್ರೈವ್ ತುಂಬಿಸೋದು ನಾನು.

2/6
ಗುಂಡ್ಲುಪೇಟೆಯವರಿಗೆ ಇದು ಗೊತ್ತು, ಚಾಮರಾಜನಗರದ ಕ್ಲಾಸ್‌ಮೇಟ್ಸ್‌ಗೋಸ್ಕರ ಹೇಳ್ತಿದೀನಿ. ಬಂಡೀಪುರ ಕಾಡಿನ ಒಳಗೆ ಹೋಗೋ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್. ಆಂಬ್ಯುಲೆನ್ಸ್ ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ಬಿಡ್ತಾರೆ. ಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯಬಾರದು ಅಂತ ಮಾಡಿರೋ ನಿಯಮ, ಇರಲೇಬೇಕು. ಆದ್ರೆ ಮದ್ದೂರು ಚೆಕ್‌ಪೋಸ್ಟ್‌ಗೆ (ಮಂಡ್ಯದ ಮದ್ದೂರು ಅಲ್ಲಪ್ಪ, ನಮ್ ತಾಲ್ಲೂಕಿಂದು) 9 ಗಂಟೆ 5 ನಿಮಿಷಕ್ಕೆ ಬಂದವರು ಹತ್ತಿರ ಹತ್ತಿರ ಒಂಬತ್ತು ಗಂಟೆ ನಿಲ್ಲಬೇಕು.

ಒಂಬತ್ತು ಗಂಟೆ ಇದೆ ಅಂದ್ರೆ ಚೆನ್ನಾಗಿ ನಿದ್ದೆ ಮಾಡ್ತಾರೆ ಅನ್ಕೋಬೇಡಿ. ಗೇಟ್ ಹಾಕೋದ್ರೊಳಗೆ ಸೇರ್ಬೇಕು ಅಂತ ಟೆನ್ಶನ್‌ನಲ್ಲಿ ಬಂದಿರ್ತಾರೆ. ಎಂಜಿನ್ ಆಫ್ ಆದ್ರೂ ಅದರ ಸದ್ದು ತಲೇಲಿ ಓಡ್ತಾನೇ ಇರುತ್ತೆ. ಕೈ ಫೋನಿಗೆ ಹೋಗುತ್ತೆ, ರೀಲ್ಸ್ ನೋಡ್ತಾ ಒಂದು ಗಂಟೆ ಆಗುತ್ತೆ. ಬೆಳಗ್ಗೆ ಆರಕ್ಕೆ ಗೇಟ್ ತೆಗೆದಾಗ ಅದೇ ಕಣ್ಣಲ್ಲಿ ಕಾಡಿನ ರಸ್ತೆಗೆ ಇಳಿಯಬೇಕು.

3/6
ಅದಕ್ಕೇ ಪೆನ್‌ಡ್ರೈವ್‌ನಲ್ಲಿ ಎರಡು ಫೋಲ್ಡರ್. ಒಂದರ ಹೆಸರು "ಓಡ್ಸುವಾಗ", ಇನ್ನೊಂದು "ನಿಂತಾಗ". ಡೆಬಿಟ್ ಸೈಡಿಂದು ಕ್ರೆಡಿಟ್‌ಗೆ ಹಾಕಿದ್ರೆ ಟ್ರಯಲ್ ಬ್ಯಾಲೆನ್ಸ್ ಮಾತ್ರ ಕೆಡುತ್ತೆ. ಇಲ್ಲಿ ಅದಲು ಬದಲಾದ್ರೆ ಜೀವಕ್ಕೇ ಕುತ್ತು. ಜೋಗುಳದಂಥ ಹಾಡು ಎಷ್ಟೇ ಚೆನ್ನಾಗಿರ್ಲಿ, ಸ್ಟೀರಿಂಗ್ ಹಿಡಿದವರಿಗೆ ಅದು ಬೇಡ. ಹಾಗಂತ ಜೋರು ಹಾಡೂ ನಿದ್ದೆಗೆ ಔಷಧಿ ಅಲ್ಲ. ಕಣ್ಣು ಎಳೀತಿದ್ರೆ ಗಾಡಿ ಸೈಡಿಗೆ ಹಾಕಿ ಹದಿನೈದಿಪ್ಪತ್ತು ನಿಮಿಷ ಮಲಗೋದೇ ಸರಿ.

4/6
ಈ ಥರ ಆರಿಸೋ ಕೆಲಸ ಹೊಸದೇನಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ಹಾಕಿದ "ನಿತ್ಯೋತ್ಸವ" ಬಂತು. ಆಮೇಲೆ ಭಾವಗೀತೆ ಕ್ಯಾಸೆಟ್‌ಗಳ ಕಾಲವೇ ಶುರುವಾಯ್ತು. 60 ನಿಮಿಷದ ಕ್ಯಾಸೆಟ್ ಅಂದ್ರೆ ಒಂದು ಸೈಡಿಗೆ 30 ನಿಮಿಷ. ಏನು ಹಾಕ್ಬೇಕು, ಯಾವುದು ಬಿಡ್ಬೇಕು, ಯಾವುದರ ಹಿಂದೆ ಯಾವುದು, ಎಲ್ಲಾ ಯೋಚನೆ ಮಾಡ್ಲೇಬೇಕು.

ಹೆಚ್ಚು ಕಡಿಮೆ ಅದೇ ಹೊತ್ತಿಗೆ ಇಂಗ್ಲೆಂಡಿನ ಬ್ರಯನ್ ಈನೋ "ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್" ತಂದರು. ಜರ್ಮನಿಯ ಕಲೋನ್ ಏರ್‌ಪೋರ್ಟ್‌ನಲ್ಲಿ ಕಾಯ್ತಾ ಕೂತಾಗ ಹುಟ್ಟಿದ ಐಡಿಯಾ ಅದು: ಕಾಯೋರ ಮನಸ್ಸು ಹಗುರ ಆಗ್ಬೇಕು, ಆದ್ರೆ ಸಂಗೀತ ನನ್ನನ್ನೇ ಕೇಳು ಅಂತ ಹಟ ಮಾಡಬಾರದು. ವಿಮಾನ ಕಾಯೋರಿಗೆ ಒಬ್ಬರು ಇಷ್ಟು ಯೋಚಿಸಿದ್ದಾರೆ ಅಂದ್ರೆ ಗೇಟ್ ಕಾಯೋ ಲಾರಿಯವರಿಗೆ ನಾವೂ ಸ್ವಲ್ಪ ಯೋಚಿಸಬಹುದಲ್ವಾ?

5/6
ಈಗ ನನ್ನ ಆಯ್ಕೆ. ಸಿ. ಅಶ್ವಥ್ ಹಾಡಿರೋ ಶಿಶುನಾಳ ಷರೀಫರ ಪದಗಳು ನೇರ "ಓಡ್ಸುವಾಗ" ಫೋಲ್ಡರ್‌ಗೆ. ಆ ದನಿಗೆ ಯಾರೂ ಮಲಗಲ್ಲ. ಮಾದಪ್ಪನ ಕಂಸಾಳೆ ಪದಗಳೂ ಅಲ್ಲಿಗೇ, ತಾಳ ಕೇಳ್ತಿದ್ರೆ ಬೆನ್ನು ನೆಟ್ಟಗಾಗುತ್ತೆ. ನೀಲಗಾರರು ತಂಬೂರಿ ಹಿಡಿದು ಹಾಡೋ ಮಂಟೇಸ್ವಾಮಿ ಕಥೆ ನಿಧಾನ ಇರುತ್ತಲ್ಲ, "ನಿಂತಾಗ"ಕ್ಕೆ ಸರಿಹೋಗುತ್ತಾ ಅಂತ ಅಪ್ಪನ್ನ ಕೇಳ್ದೆ. ಅಪ್ಪ ನಕ್ಕು, "ಕತ ಇದ್ರ ನಿದ್ದ ಎಲ್ಲವ್ವ ಬತ್ತದ? ಮುಂದ ಏನಾಯ್ತು ಅಂತ ಕೇಳ್ತಾ ಕೂತ್ಕತೀವಿ" ಅಂದ್ರು. ನಮ್ ಕಡೆ ಜನ ರಾತ್ರಿಯಿಡೀ ಎಚ್ಚರ ಇದ್ದು ಕೇಳೋ ಕಥೆ ಅದು. ಹಾಡು ನಿಧಾನ ಇರೋದು ಬೇರೆ, ನಿದ್ದೆಗೆ ಬಿಡೋದು ಬೇರೆ.

ಅಪ್ಪ ಇನ್ನೊಂದು ಹೇಳಿದ್ದು ನಂಗೆ ಇನ್ನೂ ಮರೆಯಕ್ಕಾಗಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ "ಮೈಸೂರ ಮಲ್ಲಿಗೆ" 1942ರ ಪುಸ್ತಕ, ಅದರ ಗೀತೆಗಳು ಅಷ್ಟು ಮೆತ್ತಗೆ ಇವೆ. ಗಂಡ ಹೆಂಡತಿ, ಮನೆ, ಊರು. ಇದಕ್ಕಿಂತ ಸಮಾಧಾನ ಬೇಕಾ? ಅಪ್ಪ ಎರಡು ಹಾಡು ಮಾತ್ರ ತೆಗೆಸಿದ್ರು. "ಮನ ಗ್ಯಾನ ಬತ್ತದ ಕಣವ್ವ. ಚೆಂದಾಗದ, ಆದ್ರ ರಾತ್ರ ಬ್ಯಾಡ." ಅಷ್ಟೇ ಹೇಳಿ ಟೀ ಕುಡಿಯೋಕೆ ಹೋದ್ರು. ಮನೇಲಿರೋ ನಮಗೆ ಸಮಾಧಾನ ಕೊಡೋ ಹಾಡು ಮನೆಯಿಂದ ದೂರ ಇರೋರಿಗೆ ಚುಚ್ಚಬಹುದು. ಯಾವ ಆ್ಯಪ್‌ನ ಮೂಡ್ ಲಿಸ್ಟೂ ಇದನ್ನ ನಂಗೆ ಹೇಳ್ತಿರ್ಲಿಲ್ಲ.

ಈಗ "ನಿಂತಾಗ" ಫೋಲ್ಡರ್‌ನಲ್ಲಿ ಇರೋದು 30 ನಿಮಿಷ ಮಾತ್ರ, ಕ್ಯಾಸೆಟ್‌ನ ಒಂದು ಸೈಡಿನಷ್ಟು. ಕೊಳಲಿಂದ ಶುರು, ಮಧ್ಯೆ ನಾಲ್ಕು ಭಾವಗೀತೆ, ಕೊನೆಗೆ ಬರೀ ವೀಣೆ. ಕೊನೇ ಹಾಡು ಮುಗಿದ್ರೆ ಗಾಡಿ ಸ್ಟೀರಿಯೋ ಮತ್ತೆ ಮೊದಲಿಂದ ಶುರು ಮಾಡುತ್ತೆ. ಅದಕ್ಕೆ ಕೊನೇಲಿ ಒಂದು ಗಂಟೆಯ ಖಾಲಿ ಆಡಿಯೋ ಫೈಲ್ ಸೇರಿಸಿದೀನಿ, ಹೆಸರು "ಮಲ್ಕೊ ಅಪ್ಪ". ಅದರಲ್ಲಿ ಏನೂ ಇಲ್ಲ. ಅಪ್ಪನ ಪ್ರಕಾರ ಇಡೀ ಪೆನ್‌ಡ್ರೈವ್‌ನಲ್ಲಿ ಅದೇ ಬೆಸ್ಟ್ ಟ್ರ್ಯಾಕ್.

6/6
ನಿಮ್ಮನೇಲೂ ಬಸ್ಸು, ಲಾರಿ, ಆಟೋ, ಕ್ಯಾಬ್ ಓಡಿಸೋರು ಇದ್ರೆ ಒಂದು ಪಟ್ಟಿ ಮಾಡಿಕೊಡಿ. ನಿಮಗಿಷ್ಟ ಅಂತ ತುಂಬಬೇಡಿ. ಯಾವುದು ಬೇಡ, ಯಾಕೆ ಬೇಡ ಅಂತ ಮೊದಲು ಅವರನ್ನ ಕೇಳಿ. ಅವರು ತೆಗೆಸಿದ ಹಾಡು ಯಾವುದು ಅಂತ ಕೆಳಗೆ ಬರೀರಿ, ಓದ್ತೀನಿ. ಮುಂದಿನ ಭಾಗ ಸೆಮ್ ಎಕ್ಸಾಮ್ ಆದ್ಮೇಲೆ.

#ಗುಂಡ್ಲುಪೇಟೆ #ಚಾಮರಾಜನಗರ #ಬಂಡೀಪುರ #ಭಾವಗೀತೆ #ಪೆನ್‌ಡ್ರೈವ್