ಸಾರ್ವಜನಿಕ ಹಣದ ಜ್ಞಾನ ಯಾರ ಸೊತ್ತು?

ಮಸೀದಿಗೆ ವಕ್ಫ್ ಮಾಡಿದ ಅಂಗಡಿಯನ್ನು ಮುತವಲ್ಲಿ ಬಾಡಿಗೆಗೆ ಕೊಡಬಹುದು. ತನ್ನ ಸೊತ್ತೆಂದು ಮಾರುವಂತಿಲ್ಲ. ಬಾಡಿಗೆಯೂ ದಾನಿ ಬಯಸಿದ ಉದ್ದೇಶಕ್ಕೇ ಸಲ್ಲಬೇಕು. ಜಮಾಅತಿನ ಸಭೆಗಳಲ್ಲಿ ಈ ಲೆಕ್ಕಕ್ಕಾಗಿ ಗಂಟೆಗಟ್ಟಲೆ ವಾದಿಸುವ ನಾವು, ನಮ್ಮ ತೆರಿಗೆಯಿಂದ ನಡೆಯುವ ವಿಶ್ವವಿದ್ಯಾನಿಲಯಗಳಲ್ಲಿ ಹುಟ್ಟುವ ಜ್ಞಾನದ ಲೆಕ್ಕವನ್ನೂ ಕೇಳಬೇಡವೇ?

ಅಮೇರಿಕದಲ್ಲಿ ಇದಕ್ಕೆ 1980ರ ಬೇ-ಡೋಲ್ ಕಾಯ್ದೆಯಿದೆ. ಸರಕಾರಿ ಹಣದಿಂದಾದ ಶೋಧದ ಪೇಟೆಂಟನ್ನು ವಿಶ್ವವಿದ್ಯಾನಿಲಯವೇ ಇಟ್ಟುಕೊಂಡು ಕಂಪೆನಿಗಳಿಗೆ ಪರವಾನಗಿ ಕೊಡಬಹುದು. ಬಂದ ರಾಯಧನದಲ್ಲಿ ಸಂಶೋಧಕರಿಗೊಂದು ಪಾಲು. ಉಳಿದದ್ದು ಸಂಶೋಧನೆಗೆ, ಶಿಕ್ಷಣಕ್ಕೆ. ಪ್ರಯೋಗಾಲಯದಲ್ಲೇ ಕೊಳೆಯುವ ಶೋಧಗಳು ಜನರನ್ನು ತಲುಪಲಿ ಎಂಬುದು ಆಶಯ. ಜನರ ಆರೋಗ್ಯದ ಅಗತ್ಯ ಈಡೇರದಿದ್ದರೆ ಬೇರೆಯವರಿಗೂ ಪರವಾನಗಿ ಕೊಡಿಸುವ ಅಧಿಕಾರ ಸರಕಾರದ ಕೈಯಲ್ಲೇ ಉಳಿಯಿತು.

ಆಶಯವೇನೋ ಒಳ್ಳೆಯದೇ. ಆದರೆ ನಡೆದದ್ದೇನು? ಪ್ರಾಸ್ಟೇಟ್ ಕ್ಯಾನ್ಸರಿನ ಔಷಧಿ ಎನ್ಜಲುಟಮೈಡ್ ಹುಟ್ಟಿದ್ದು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ, ಸರಕಾರಿ ಅನುದಾನದ ನೆರವಿನಿಂದ. ಕಂಪೆನಿಯೊಂದು ಪರವಾನಗಿ ಪಡೆದು, ರೋಗಿಗಳ ಮೇಲಿನ ಪರೀಕ್ಷೆಗೆ ಹಣ ಸುರಿದು, 2012ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಅಲ್ಲಿ ಅದರ ಪಟ್ಟಿ ಬೆಲೆ ವರ್ಷಕ್ಕೆ ಲಕ್ಷ ಡಾಲರ್ ದಾಟಿತು. 2016ರಲ್ಲಿ ರಾಯಧನದ ಹಕ್ಕನ್ನು ಮಾರಿದಾಗ ವಿಶ್ವವಿದ್ಯಾನಿಲಯದ ಪಾಲಿಗೆ ಬಂದದ್ದು ಸುಮಾರು 52 ಕೋಟಿ ಡಾಲರ್. ಬೆಲೆ ಇಳಿಸಲು ಸರಕಾರ ತನ್ನ ಅಧಿಕಾರ ಬಳಸಲಿ ಎಂಬ ಮನವಿಗಳು 2016ರಲ್ಲೂ 2023ರಲ್ಲೂ ತಿರಸ್ಕೃತವಾದವು. ಭಾರತದ ಪೇಟೆಂಟ್ ಕಚೇರಿ 2016ರಲ್ಲಿ ಪೇಟೆಂಟ್ ನಿರಾಕರಿಸಿದಾಗ, ಅದೇ ಸಾರ್ವಜನಿಕ ವಿಶ್ವವಿದ್ಯಾನಿಲಯ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು! ನಮ್ಮ ರೋಗಿಗಳಿಗೆ ಅಗ್ಗದ ಔಷಧಿ ಸಿಗಬೇಕೇ ಬೇಡವೇ ಎಂಬುದೇ ಅಲ್ಲಿದ್ದ ಪ್ರಶ್ನೆ.

ಬೇ-ಡೋಲ್ ಮಾದರಿಯ ಮಸೂದೆ 2008ರಲ್ಲಿ ನಮ್ಮ ರಾಜ್ಯಸಭೆಗೂ ಬಂದಿತ್ತು, 2014ರಲ್ಲಿ ಹಿಂತೆಗೆಯಲಾಯಿತು. ಈಗ ನಮ್ಮ ಸಂಸ್ಥೆಗಳು ತಮ್ಮ ತಮ್ಮ ನಿಯಮಗಳಂತೆ ಕಂಪೆನಿಗಳೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತಿವೆ.

ಕಂಪೆನಿಯ ಹಣ ಬೇಡವೆಂದು ನಾವು ಹೇಳುತ್ತಿಲ್ಲ. ಔಷಧಿ ತಯಾರಿಸಿ ಹಂಚುವುದು ವಿಶ್ವವಿದ್ಯಾನಿಲಯದ ಕೆಲಸವಲ್ಲ. ಆದರೆ ಬಡವರಿಗೆ ಎಟಕುವ ಬೆಲೆಯ ಷರತ್ತು ಪರವಾನಗಿಗೆ ಸಹಿ ಹಾಕುವ ದಿನವೇ ಒಪ್ಪಂದದಲ್ಲಿರಬೇಕು. ಆಮೇಲೆ ಸರಕಾರ ಮಧ್ಯಪ್ರವೇಶಿಸೀತೆಂಬ ಭರವಸೆ ಎಷ್ಟು ಟೊಳ್ಳೆಂಬುದನ್ನು ಅಮೇರಿಕ ತೋರಿಸಿಕೊಟ್ಟಿದೆ. ಸಾರ್ವಜನಿಕ ಹಣದಿಂದ ಹುಟ್ಟಿದ ಜ್ಞಾನ ಅಮಾನತ್. ವಿಶ್ವವಿದ್ಯಾನಿಲಯ ಅದರ ಮುತವಲ್ಲಿಯೇ ಹೊರತು ಮಾಲಕನಲ್ಲ.