ಊದುಬತ್ತಿ ವಾಸನೆಯ ಪಿಕಪ್

ಬಾಗಿಲು ತೆಗೆದ ಕೂಡಲೇ ಊದುಬತ್ತಿಯ ವಾಸನೆ ಬಂತು. ನನಗೆ ಖುಷಿಯಾಯಿತು. ಬೆಳಿಗ್ಗೆ ಎದ್ದು ದೇವರ ಪಟಕ್ಕೆ ಎರಡು ಕಡ್ಡಿ ಹಚ್ಚಿ ಗಾಡಿ ತೆಗೆಯುವವನು ಗಾಡಿಯನ್ನೂ ಚೆನ್ನಾಗಿಯೇ ನೋಡಿಕೊಂಡಿರುತ್ತಾನೆ ಅಂತ ನನ್ನ ಲೆಕ್ಕ. ಡ್ಯಾಶ್‌ಬೋರ್ಡಿನಲ್ಲಿ ಉರಿದು ಮುಗಿದ ಕಡ್ಡಿಗಳು ಹತ್ತಾದರೂ ಇದ್ದವು. ಎರಡು ಸಾಕಾಗುವಲ್ಲಿ ಹತ್ತು ಯಾಕೆ ಎಂದು ಕೇಳಬೇಕಿತ್ತು. ಪತ್ರಿಕೋದ್ಯಮದ ಕ್ಲಾಸಿನಲ್ಲಿ ನಾವು ಮುಖ್ಯವಾಗಿ ಕಲಿತದ್ದೇ ಅದಲ್ಲವಾ, ಯಾಕೆ ಅಂತ ಕೇಳುವುದು.

ಗಾಡಿ ನನಗಲ್ಲ, ತಮ್ಮನಿಗೆ. ಅವನು ಹನ್ನೊಂದು ವರ್ಷದಿಂದ ಪುತ್ತೂರಿನ ಹತ್ತಿರ ಒಬ್ಬರ ಪಿಕಪ್ ಓಡಿಸುತ್ತಿದ್ದಾನೆ. ಅಡಿಕೆ, ಬಾಳೆಗೊನೆ, ಕೆಂಪು ಕಲ್ಲು, ಮದುವೆ ಸೀಸನ್ನಿನಲ್ಲಿ ಶಾಮಿಯಾನ, ಕುರ್ಚಿ. ಬಾಡಿಗೆ ಧಣಿಗೆ, ಇವನಿಗೆ ದಿನದ ಸಂಬಳ. ಮಳೆಗಾಲದಲ್ಲಿ ಅದೂ ವಾರಕ್ಕೆ ಮೂರು ದಿನ. ಸ್ವಂತದ್ದೊಂದು ತೆಗೆಯುವ ಅಂತ ಮನೆಯಲ್ಲಿ ಮಾತು ಶುರುವಾದಾಗ ಅಮ್ಮ ಎರಡು ಬಳೆ, ಒಂದು ಸರ ತಂದು ಮೇಜಿನ ಮೇಲಿಟ್ಟು ಏನೂ ಹೇಳದೆ ಒಳಗೆ ಹೋದರು. ಸೊಸೈಟಿಯಲ್ಲಿ ಅಡವಿಟ್ಟರೆ ಎರಡು ಲಕ್ಷ ಚಿಲ್ಲರೆ ಸಿಗುತ್ತದೆ. ಉಳಿದದ್ದು ತಮ್ಮ ಕೂಡಿಟ್ಟದ್ದು, ನನ್ನದು ಸ್ವಲ್ಪ.

2014ರ ಮಾಡೆಲ್. ಕೆಎ 20, ಅಂದರೆ ಉಡುಪಿ ರಿಜಿಸ್ಟ್ರೇಷನ್. ಹೇಳಿದ ರೇಟು 3,40,000. ಅದೇ ವರ್ಷದ್ದೊಂದಕ್ಕೆ ನಮ್ಮ ಕಡೆ 4,20,000 ಹೇಳಿದ್ದರು. ಇದಕ್ಕೆ ಯಾಕೆ 80 ಸಾವಿರ ಕಡಿಮೆ ಅಂತಲೂ ನಾವು ಕೇಳಲಿಲ್ಲ. “ಸ್ವಲ್ಪ ಅರ್ಜೆಂಟುಂಟು ಅಣ್ಣ, ದೊಡ್ಡ ಗಾಡಿ ತೆಗೀಲಿಕ್ಕೆ” ಅಂತ ಅವನೇ ಹೇಳಿದ, ನಾವು ನಂಬಿದೆವು. ನಂಬುವ ಮನಸ್ಸು ಮೊದಲೇ ಇತ್ತು. ತಮ್ಮ ಜೇಬಿನಿಂದ 5,000 ತೆಗೆದು ಅಡ್ವಾನ್ಸ್ ಕೊಟ್ಟ.

ಕಾಗದಪತ್ರ ಎಲ್ಲ ಸರಿ ಇತ್ತು. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿದೆ. ಇನ್ಶೂರೆನ್ಸ್ ಉಂಟು, ಸಾಲ ಮುಗಿದಿದೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷ ವರ್ಷ ಎಫ್‌ಸಿ ಮಾಡಿಸಬೇಕು, ಅದಕ್ಕೂ ಇನ್ನೂ ಏಳು ತಿಂಗಳಿತ್ತು. ಗಾಡಿ ಇಷ್ಟು ವರ್ಷ ಹೊತ್ತದ್ದು ಏನನ್ನು ಎಂಬುದಕ್ಕೆ ಮಾತ್ರ ಅದರಲ್ಲಿ ಕಾಲಂ ಇಲ್ಲ. “ತೆಂಗಿನಕಾಯಿ, ತರಕಾರಿ” ಅಂತ ಅವನು ಹೇಳಿದ್ದ.

ಪೂರ್ತಿ ಹಣ ಕೊಡುವ ಮೊದಲು ನಮ್ಮೂರಿನ ಗ್ಯಾರೇಜಿನ ಅಣ್ಣನನ್ನು ಕರೆದುಕೊಂಡು ಹೋದೆವು. ಅವರು ಬಾನೆಟ್ ತೆಗೆಯಲೇ ಇಲ್ಲ. ಸೀದಾ ಹಿಂದೆ ಹೋಗಿ ಬಾಡಿಯ ಮೂಲೆಯಲ್ಲಿ ಕೈಯಾಡಿಸಿದರು. ಎರಡೂ ಮೂಲೆಯಲ್ಲಿ ಐದು ರೂಪಾಯಿ ನಾಣ್ಯದಷ್ಟು ತೂತು, ಅದಕ್ಕೊಂದು ತುಂಡು ಪೈಪು.

“ತೆಂಗಿನಕಾಯಿಗೆ ನೀರು ಹೋಗುವ ತೂತು ಯಾಕೆ ಮಾರಾಯ?” ಅಂತ ನನ್ನ ಹತ್ತಿರ ಮೆಲ್ಲ ಕೇಳಿದರು. ಆಗ ನನಗೆ ಹತ್ತು ಕಡ್ಡಿಯ ಲೆಕ್ಕ ಸಿಕ್ಕಿತು.

ಮೀನಿನ ಗಾಡಿಯ ಹಿಂದೆ ಬೈಕಿನಲ್ಲಿ ಹೋದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಲ್ಪೆಯಲ್ಲಿ ಮೀನು, ಐಸು ತುಂಬಿಕೊಂಡು ಹೊರಟರೆ ಘಟ್ಟ ಹತ್ತುವವರೆಗೂ ನೀರು ಸೋರುತ್ತಲೇ ಇರುತ್ತದೆ, ಅದು ಉಪ್ಪುನೀರು. ಮೇಲಿನದನ್ನು ತೊಳೆಯಬಹುದು. ಚಾಸಿಯ ಮಡಿಕೆಗಳ ಒಳಗೆ, ಬೋಲ್ಟಿನ ಸಂದಿಯಲ್ಲಿ ಕೂತದ್ದಕ್ಕೆ ಪೈಪಿನ ನೀರು ತಾಗುವುದಿಲ್ಲ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವ ಕಾರಣ, ಬಿಸಿಲಿನ ದಿನವೂ ಕಬ್ಬಿಣಕ್ಕೆ ಒಳಗೊಳಗೇ ಮಳೆಗಾಲ. ಮೇಲಿಂದ ಪೇಂಟ್ ಹೊಡೆದರೂ ತುಕ್ಕು ನಿಲ್ಲುವುದಿಲ್ಲ, ಪೇಂಟನ್ನೇ ಹಪ್ಪಳದ ಹಾಗೆ ಎಬ್ಬಿಸುತ್ತದೆ. ಈ ಗಾಡಿಯ ಅಡಿಗೆ ಬಳಿದ ಕಪ್ಪು ಪೇಂಟು ಇನ್ನೂ ಎದ್ದಿರಲಿಲ್ಲ. ಬಳಿದು ಹದಿನೈದು ದಿನವೂ ಆಗಿರಲಿಕ್ಕಿಲ್ಲ.

ಅಣ್ಣ ಹಳೇ ಸ್ಪೀಕರಿನ ಅಯಸ್ಕಾಂತವೊಂದನ್ನು ಜೇಬಿನಿಂದ ತೆಗೆದರು. ಬಾಗಿಲಿನ ಕೆಳಭಾಗಕ್ಕೆ ಇಟ್ಟರೆ ಹಿಡಿಯದೆ ಬಿತ್ತು. ಅಲ್ಲಿ ತಗಡಿಲ್ಲ, ಪುಟ್ಟಿ. “ಇದು ಬಿಡು, ಚಂದದ ವಿಷಯ. ಟಿಂಕರಿಂಗ್ ಮಾಡಿಸಿದರೆ ಮುಗಿಯಿತು” ಅಂದರು. ಆಮೇಲೆ ಗೋಣಿ ಹಾಸಿ ಅಡಿಗೆ ನುಗ್ಗಿ ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಮುಂದಿನಿಂದ ಹಿಂದಕ್ಕೆ ಬಡಿಯುತ್ತಾ ಬಂದರು. ಕ್ಯಾಬಿನಿನ ಕೆಳಗೆ ಠಣ್ ಠಣ್. ಹಿಂದಿನ ಎಡಗಡೆ, ಪ್ಲೇಟಿನ ಸೆಟ್ಟನ್ನು ಚಾಸಿಗೆ ಹಿಡಿದಿಡುವ ಬ್ರಾಕೆಟಿನ ಹತ್ತಿರ, ದಪ್. ಹಲಸಿನಕಾಯಿ ಬಡಿದು ನೋಡಿ ಗೊತ್ತಿರುವ ನಮಗೆ ಆ ಶಬ್ದದ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಸ್ಕ್ರೂಡ್ರೈವರ್ ಒತ್ತಿದರೆ ಅರ್ಧ ಇಂಚು ಒಳಗೆ ಹೋಯಿತು. ಅಣ್ಣನ ಎದೆಯ ಮೇಲೆ ಕಂದು ಚಕ್ಕೆಗಳು ಉದುರಿದವು.

ಗಾಡಿಯವನು ಫೋನಿನಲ್ಲಿ ಮಾತಾಡುತ್ತಾ ದೂರ ಹೋಗಿ ನಿಂತಿದ್ದ.

“ವೆಲ್ಡ್ ಮಾಡಿಸಿದರೆ?” ತಮ್ಮ ಕೇಳಿದ.

“ಮಾಡಬಹುದು. ಎಫ್‌ಸಿಯೂ ಆದೀತು. ಆದರೆ ಒಳ್ಳೇ ಕಬ್ಬಿಣ ಸಿಗುವವರೆಗೆ ಕತ್ತರಿಸಬೇಕು. ಅದು ಎಲ್ಲಿ ಸಿಗ್ತದೆ ಅಂತ ಕತ್ತರಿಸಿದ ಮೇಲೇ ಗೊತ್ತಾಗುವುದು. 30 ಸಾವಿರದಲ್ಲಿ ಮುಗಿದರೂ ಮುಗಿದೀತು, ಲಕ್ಷವೂ ಆದೀತು. ನೀನು ಅದರಲ್ಲಿ ಕೆಂಪು ಕಲ್ಲು ಹೊರುವವ.”

ರಾತ್ರಿ ಗಾಡಿಯವನ ಫೋನ್ ಬಂತು. 3 ಲಕ್ಷಕ್ಕೆ ಇಳಿದಿದ್ದ. ನಾಚಿಕೆ ಬಿಟ್ಟು ಹೇಳುತ್ತೇನೆ, ತೆಗೆಯುವ ಅಂತ ಹೇಳಿದವನು ನಾನೇ. ಲಕ್ಷ ಖರ್ಚಾದರೂ ನಾಲ್ಕರೊಳಗೆ ಬರುತ್ತದೆ ಅಂತ ಹಳೇ ನೋಟ್‌ಪ್ಯಾಡಿನಲ್ಲಿ ಕೂಡಿಸಿ ತೋರಿಸಿದೆ. ಅವನು ಇನ್ನೊಂದು ವರ್ಷ ಧಣಿಯ ಅಂಗಳದಲ್ಲಿ ಕೀಲಿಗಾಗಿ ಕಾಯುವುದನ್ನು ನೋಡಲು ನನಗೆ ಮನಸ್ಸಿರಲಿಲ್ಲ. ಅಮ್ಮನ ಬಳೆ ಇನ್ನೂ ಮೇಜಿನ ಡ್ರಾಯರಿನಲ್ಲೇ ಇತ್ತು, ಅದನ್ನು ವಾಪಸ್ಸು ಕೊಡುವುದು ಕೂಡ ಒಂದು ಸೋಲಿನ ಹಾಗೆ ಕಾಣುತ್ತಿತ್ತು.

ತಮ್ಮ ನೋಟ್‌ಪ್ಯಾಡ್ ನೋಡಿದ. “ಅಣ್ಣ, ಕಲ್ಲು ತುಂಬಿದರೆ ಇಳಿಸಲಿಕ್ಕೆ ಇಬ್ಬರು ನನ್ನೊಟ್ಟಿಗೆ ಬರ್ತಾರೆ. ಒಬ್ಬ ಕ್ಯಾಬಿನಿನಲ್ಲಿ ಕೂರ್ತಾನೆ, ಇನ್ನೊಬ್ಬ ಎಷ್ಟು ಹೇಳಿದರೂ ಹಿಂದೆ ಕಲ್ಲಿನ ಮೇಲೆ. ಅವರು ನಿನ್ನ ಲೆಕ್ಕದಲ್ಲಿ ಇಲ್ಲ” ಅಂದ. ಎದ್ದು ಹೋಗಿ ಮಲಗಿದ.

ಅಡ್ವಾನ್ಸಿನಲ್ಲಿ 2,000 ವಾಪಸ್ಸು ಬಂತು. ಅದೂ ಎಂಟು ಸಲ ಫೋನ್ ಮಾಡಿದ ಮೇಲೆ.

ಕತೆ ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಹಾಲಿನ ಡೈರಿಯ ಎದುರು ಅದೇ ನಂಬರಿನ ಪಿಕಪ್ ನಿಂತಿತ್ತು, ಕನ್ನಡಿಗೆ ಸೇವಂತಿಗೆ ಮಾಲೆ. ತೆಗೆದವರು ನಮ್ಮದೇ ಗ್ರಾಮದವರು, ಗುರುತಿನವರು. ಡೈರಿಗೆ ಬಂದವರಿಗೆಲ್ಲ ಲಾಡು ಹಂಚುತ್ತಿದ್ದರು. ನನ್ನ ಕೈಯಲ್ಲೂ ಒಂದು ಇಟ್ಟರು. “ಒಳ್ಳೇ ರೇಟಿಗೆ ಸಿಕ್ಕಿತು” ಅಂದರು. ನಾನು ಲಾಡು ತಿಂದೆ. ಸಾಲ ಮಾಡಿ ತಂದವರ ಪೂಜೆಯ ದಿನ ಎಂತ ಹೇಳುವುದು? ಹೇಳಿದರೆ ನಮಗೆ ಸಿಗದ್ದಕ್ಕೆ ಹೊಟ್ಟೆಕಿಚ್ಚು ಅಂದುಕೊಂಡಾರು. ಊರಿನ ಗುಂಡಿ ಬಿದ್ದ ರಸ್ತೆ, ನೀರಿಲ್ಲದ ಟ್ಯಾಂಕಿಯ ಬಗ್ಗೆ ಹೆಸರು ಹಾಕಿ ಬರೆದವನಿಗೆ ಬಾಯಿಗೆ ಲಾಡು ಬಿದ್ದ ಮೇಲೆ ಮಾತು ಹೊರಡಲಿಲ್ಲ.

ಮನೆಗೆ ಬಂದು ತಮ್ಮನಿಗೆ ಹೇಳಿದೆ. ಅವನು ಊಟ ಅರ್ಧಕ್ಕೆ ಬಿಟ್ಟು ಬೈಕ್ ತೆಗೆದ. ನಾನೂ ಹಿಂದೆ ಕೂತೆ. ಅವರ ಅಂಗಳದಲ್ಲಿ ಮಕ್ಕಳು ಗಾಡಿಯ ಹಿಂದೆ ಹತ್ತಿ ಆಡುತ್ತಿದ್ದರು. ತಮ್ಮ ಸುತ್ತುಬಳಸಿ ಮಾತಾಡಲಿಲ್ಲ.

“ಅಣ್ಣ, ಈ ಗಾಡಿಗೆ ನಾನೂ ಅಡ್ವಾನ್ಸ್ ಕೊಟ್ಟಿದ್ದೆ. ಒಂದು ಗೋಣಿ ಕೊಡಿ, ಹಿಂದಿನ ಎಡಗಡೆ ಒಂದು ಜಾಗ ತೋರಿಸಲಿಕ್ಕುಂಟು.”

ಅವರು ಒಮ್ಮೆ ಅವನ ಮುಖ ನೋಡಿದರು, ಒಮ್ಮೆ ನನ್ನ ಮುಖ. ಆಮೇಲೆ ಒಳಗೆ ಹೋಗಿ ಗೋಣಿ ತಂದರು.