ಉಪ್ಸಾಲಾ ನಗರದ ಎರಡು ಕಟ್ಟಡಗಳು

ಸ್ವೀಡನ್ ದೇಶದ ಉಪ್ಸಾಲಾ ಪಟ್ಟಣವು ರಾಜಧಾನಿಯಾದ ಸ್ಟಾಕ್‌ಹೋಮಿಗೆ ಉತ್ತರದಲ್ಲಿರುವುದು. ಇಲ್ಲಿನ ವಿಶ್ವವಿದ್ಯಾನಿಲಯವು 1477ರಲ್ಲಿ ಸ್ಥಾಪಿತವಾಗಿ, ಸ್ಕಾಂಡಿನೇವಿಯಾ ನಾಡುಗಳಲ್ಲೆಲ್ಲ ಅತ್ಯಂತ ಪ್ರಾಚೀನವೆನಿಸಿದೆ. ಅದರ ವಸ್ತುಸಂಗ್ರಹಾಲಯವಾದ ಗುಸ್ತಾವಿಯಾನಮ್ ಎಂಬ ಕಟ್ಟಡವೂ ಕೆಥೀಡ್ರಲ್ ಎಂಬ ಮಹಾದೇವಾಲಯವೂ ಎದುರುಬದುರಾಗಿ ನಿಂತಿವೆ.

ಸಂಗ್ರಹಾಲಯದಲ್ಲಿ ಸೆಲ್ಸಿಯಸ್ ಪಂಡಿತನ ಉಷ್ಣಮಾಪಕವೇ ಮೊದಲಾದ ವಸ್ತುಗಳು ಹಲವುಂಟು. ಆದರೆ ನನ್ನ ಮನಸ್ಸನ್ನು ಸೆರೆಹಿಡಿದುದು ಗುಮ್ಮಟದೊಳಗಿನ ಶವಚ್ಛೇದನ ಮಂದಿರ. ಇದನ್ನು 1663ರ ಸುಮಾರಿಗೆ ಓಲೋಫ್ ರುಡ್‌ಬೆಕ್ ಎಂಬ ವೈದ್ಯನು ಕಟ್ಟಿಸಿದನು. ಬಾವಿಯ ಸೋಪಾನಗಳಂತೆ ಸುತ್ತಲೂ ಕಡಿದಾದ ಮೆಟ್ಟಿಲುಸಾಲುಗಳು. ತಳದಲ್ಲಿ ಒಂದು ಮೇಜು. ಮರಣದಂಡನೆಗೆ ಗುರಿಯಾದವರ ದೇಹಗಳನ್ನು ಅದರ ಮೇಲಿರಿಸಿ ಕೊಯ್ದು ತೋರಿಸುತ್ತಿದ್ದರಂತೆ. ನಮ್ಮ ಸುಶ್ರುತನೂ ಶವವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ ಪರೀಕ್ಷಿಸಬೇಕೆಂದು ವಿಧಿಸಿರುವನಷ್ಟೆ. ಆದರೂ ಆ ಮೇಜನ್ನು ನೋಡುತ್ತ ನಿಂತಾಗ, ಅಲ್ಲಿ ಮಲಗಿದ್ದವರ ಒಪ್ಪಿಗೆಯನ್ನು ಯಾರು ಕೇಳಿದ್ದರೆಂಬ ಶಂಕೆ ನನ್ನನ್ನು ಬಿಡಲಿಲ್ಲ.

ರುಡ್‌ಬೆಕ್ ವಿಚಿತ್ರ ಪುರುಷ. ಯೌವನದಲ್ಲಿಯೇ ದೇಹದ ರಸನಾಳಗಳನ್ನು ಕಂಡುಹಿಡಿದವನು, ಮುಂದೆ ಪ್ಲೇಟೋ ವರ್ಣಿಸಿದ ಅಟ್ಲಾಂಟಿಸ್ ದ್ವೀಪವು ಸ್ವೀಡನ್ನೇ ಎಂದು ಬೃಹದ್ಗ್ರಂಥವನ್ನೇ ಬರೆದನು. ಶಬ್ದಗಳನ್ನು ಹಿಗ್ಗಿಸಿ ಕುಗ್ಗಿಸಿ ಬೇಕಾದ ಅರ್ಥವನ್ನು ಹೊರಡಿಸುವ ಈ ಚಪಲವು ನಮ್ಮ ಪಂಡಿತರಲ್ಲಿಯೂ ಇಲ್ಲದಿಲ್ಲ! 1702ರಲ್ಲಿ ಪಟ್ಟಣಕ್ಕೆ ಬೆಂಕಿ ಬಿದ್ದು ತನ್ನ ಮನೆಯೇ ಉರಿಯುತ್ತಿದ್ದರೂ, ಆ ವೃದ್ಧನು ಗುಸ್ತಾವಿಯಾನಮ್‌ನ ಮಾಡಿನ ಮೇಲೆ ನಿಂತು ಜನರಿಗೆ ಆಜ್ಞೆಗಳನ್ನು ಕೂಗಿ ಹೇಳುತ್ತಿದ್ದನೆಂದು ಪ್ರತೀತಿ. ಕಟ್ಟಡವು ಉಳಿಯಿತು; ಅವನು ಅದೇ ವರ್ಷ ತೀರಿಕೊಂಡನು.

ಆ ಬೆಂಕಿಯಿಂದ ಎದುರಿನ ದೇವಾಲಯಕ್ಕೂ ಹಾನಿಯಾಯಿತು. 1435ರಲ್ಲಿ ಪ್ರತಿಷ್ಠೆಗೊಂಡ ಈ ಇಟ್ಟಿಗೆಯ ಕಟ್ಟಡದ ಗೋಪುರಗಳು ಈಗ ಸುಮಾರು 119 ಮೀಟರು ಎತ್ತರ, ಉದ್ದವೂ ಅಷ್ಟೇ. ಒಳಗೆ ಚಿನ್ನದ ಲೇಪವುಳ್ಳ ಬೆಳ್ಳಿಯ ಪೆಟ್ಟಿಗೆಯೊಂದರಲ್ಲಿ, 1160ರಲ್ಲಿ ಹತನಾದನೆನ್ನುವ ಸಂತ ಏರಿಕ್ ರಾಜನ ಅಸ್ಥಿಗಳಿವೆ. ಇವನ್ನೂ ವಿದ್ವಾಂಸರು ಬಿಟ್ಟಿಲ್ಲ. 2014ರಲ್ಲಿ ಪೆಟ್ಟಿಗೆಯನ್ನು ತೆರೆದು ಪರೀಕ್ಷಿಸಿದರು. ಮಧ್ಯವಯಸ್ಕನೊಬ್ಬನ ಎಲುಬುಗಳಲ್ಲಿ ಆಯುಧದ ಗಾಯಗಳು ಕಂಡುಬಂದು, ಪುರಾತನ ಕಥೆಗೆ ಬಹುಮಟ್ಟಿಗೆ ಹೊಂದಿದವು. ರಾಜನ ಎಲುಬುಗಳು ಗೌರವದಿಂದ ಪೆಟ್ಟಿಗೆಗೆ ಮರಳಿದವು. ಮೇಜಿನ ಮೇಲಿನವರಿಗೆ ಈ ಭಾಗ್ಯವೆಲ್ಲಿಯದು?

ಸಸ್ಯಗಳಿಗೆಲ್ಲ ಎರಡೆರಡು ಪದಗಳ ನಾಮಕರಣ ಮಾಡಿದ ಲಿನ್ನೇಯಸನ ಸಮಾಧಿಯೂ ಇಲ್ಲಿಯ ನೆಲದಲ್ಲಿಯೇ ಇದೆ. ರುಡ್‌ಬೆಕ್ಕನ ಮಗನು ಅವನಿಗೆ ಗುರು. ತಂದೆಮಕ್ಕಳಿಬ್ಬರ ನೆನಪಿಗಾಗಿ ಲಿನ್ನೇಯಸನು ಒಂದು ಹಳದಿ ಹೂವಿನ ಗಿಡಕ್ಕೆ ರುಡ್‌ಬೆಕಿಯಾ ಎಂದು ಹೆಸರಿಟ್ಟನು.